ನಿದ್ರಿಸುವವನ ಬಳಿಯಿದ್ದ ಓಲೆ

ಕಡೂರು ತಾಲ್ಲೂಕಿನ ದೇವನೂರು ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧವಾಗಿದೆ. ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುತ್ತ ಹಳ್ಳಿಯ ಜಗಲಿಗಳಲ್ಲಿ ತಲೆಮಾರುಗಳ ಕಾಲ ಕೇಳಿಸಿಕೊಂಡು ಬಂದ ಆತನ 'ಜೈಮಿನಿ ಭಾರತ'ದಲ್ಲಿ ಚಂದ್ರಹಾಸನ ಕಥೆ ಬರುತ್ತದೆ. ಕುಂತಳ ದೇಶದ ಮಂತ್ರಿ ದುಷ್ಟಬುದ್ಧಿ ತರುಣ ಚಂದ್ರಹಾಸನ ಕೈಗೆ ಒಂದು ಓಲೆ ಕೊಟ್ಟು, ತನ್ನ ಮಗ ಮದನನಿಗೆ ತಲುಪಿಸೆಂದು ಕಳುಹಿಸುತ್ತಾನೆ. ಓಲೆ ತಂದವನಿಗೆ ವಿಷ ಕೊಡಬೇಕೆಂಬುದೇ ಅದರೊಳಗಿನ ಆಜ್ಞೆ. ಏನನ್ನೂ ಅರಿಯದ ಚಂದ್ರಹಾಸ ದೂರದ ದಾರಿ ನಡೆದು, ಊರ ಹೊರಗಿನ ಉಪವನದಲ್ಲಿ ಮಾವಿನ ಮರದ ನೆರಳಿಗೆ ಮಲಗಿ ನಿದ್ರೆ ಹೋಗುತ್ತಾನೆ. ಮಂತ್ರಿಯ ಮಗಳು ವಿಷಯೆ ಗೆಳತಿಯರೊಡನೆ ಅಲ್ಲಿಗೆ ಬರುತ್ತಾಳೆ. ಮಲಗಿದವನ ರೂಪಕ್ಕೆ ಮನಸೋತು ಹತ್ತಿರ ಬಂದವಳ ಕಣ್ಣಿಗೆ ಓಲೆ ಬೀಳುತ್ತದೆ. ಬಿಚ್ಚಿ ಓದುತ್ತಾಳೆ.

ಆ ಗಳಿಗೆಯಲ್ಲಿ ಕಥೆ ಕೇಳುತ್ತಿರುವ ನಾವು ಎಲ್ಲಿದ್ದೇವೆ? ಓಲೆ ಹೊತ್ತವನಿಗೆ ತಿಳಿಯದ್ದು ನಮಗೆ ತಿಳಿದಿದೆ. ಅವನು ನಿದ್ರಿಸುತ್ತಿದ್ದಾನೆ, ನಾವು ಎಚ್ಚರವಾಗಿದ್ದೇವೆ. ವಿಷಯೆ ತನ್ನ ಕಣ್ಣಿನ ಕಾಡಿಗೆಯನ್ನೇ ಶಾಯಿ ಮಾಡಿಕೊಂಡು 'ವಿಷ'ವನ್ನು 'ವಿಷಯೆ'ಯನ್ನಾಗಿ ತಿದ್ದುತ್ತಾಳೆ. ಸಾವಿನ ಆಜ್ಞೆ ಮದುವೆಯ ಆಜ್ಞೆಯಾಗುತ್ತದೆ. ಆಕೆ ಓಲೆಯನ್ನು ಮೊದಲಿದ್ದಂತೆಯೇ ಇಟ್ಟು ಹೊರಟುಹೋಗುವವರೆಗೆ ಚಂದ್ರಹಾಸ ಕಣ್ಣು ತೆರೆಯುವುದಿಲ್ಲ. ನಮಗೋ ಉಸಿರು ಬಿಡಲಾಗುವುದಿಲ್ಲ. ಸಸ್ಪೆನ್ಸ್ ಎಂದು ನಾವು ಇಂದು ಕರೆಯುವ ಅನುಭವದ ಬೇರು ಇಲ್ಲಿದೆ. ಚಲನಚಿತ್ರದ ಕ್ಯಾಮರಾ ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲೇ ಬಯಲುಸೀಮೆಯ ಅಂಚಿನ ಒಬ್ಬ ಕವಿ ಅದರ ಕೀಲನ್ನು ಚೆನ್ನಾಗಿ ಬಲ್ಲವನಾಗಿದ್ದ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಶ್ವಮೇಧದ ಕುದುರೆ ಚಂದ್ರಹಾಸನ ರಾಜ್ಯವನ್ನು ಹೊಕ್ಕಾಗ ನಾರದರು ಅರ್ಜುನನಿಗೆ ಹೇಳುವ ಕಥೆಯಿದು. ಎಂದರೆ, ಕಥೆ ಆರಂಭವಾಗುವ ಮೊದಲೇ ಚಂದ್ರಹಾಸನು ಬದುಕಿ ಬಾಳಿ ಅರಸನಾಗಿರುವನೆಂಬುದು ನಮಗೆ ಗೊತ್ತು. ಅವನು ಸಾಯುವುದಿಲ್ಲ. ಹಾಗಿದ್ದೂ ಉಪವನದಲ್ಲಿ ನಮ್ಮ ಎದೆ ಬಡಿದುಕೊಳ್ಳುತ್ತದೆ. ಮುಂದೇನಾಗುವುದೆಂಬ ಅಜ್ಞಾನವೇ ಕುತೂಹಲದ ತಾಯಿ ಎನ್ನುವವರು ಈ ದೃಶ್ಯಕ್ಕೆ ಏನು ಹೇಳುತ್ತಾರೋ ನಾನರಿಯೆ. ನೂರು ಬಾರಿ ಕೇಳಿದ ಕಥೆಗೂ ಮೈಯೆಲ್ಲ ಕಿವಿಯಾಗಿ ಕುಳಿತಿರುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಅಂತ್ಯ ಗೊತ್ತಿತ್ತು. ಅವರ ಆತಂಕ ಹುಟ್ಟುತ್ತಿದ್ದುದು ತಿಳಿವಿನಿಂದಲೇ.

ಸಸ್ಪೆನ್ಸ್ ಚಿತ್ರಗಳ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಆಲ್ಫ್ರೆಡ್ ಹಿಚ್‌ಕಾಕ್ (1899-1980). ಲಂಡನ್ನಿನ ಕಥೋಲಿಕ ಕುಟುಂಬವೊಂದರಲ್ಲಿ ಹುಟ್ಟಿ, ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದ ಈ ನಿರ್ದೇಶಕರೊಡನೆ ಫ್ರಾನ್ಸಿನ ನಿರ್ದೇಶಕ ಫ್ರಾಂಸ್ವಾ ತ್ರೂಫೊ 1962ರಲ್ಲಿ ನಡೆಸಿದ ದೀರ್ಘ ಸಂದರ್ಶನ 1966ರಲ್ಲಿ ಪುಸ್ತಕವಾಗಿ ಬಂದಿತು. ಅದರಲ್ಲಿ ಹಿಚ್‌ಕಾಕ್ ಕೊಟ್ಟಿರುವ ಒಂದು ಉದಾಹರಣೆ ಪ್ರಖ್ಯಾತವಾಗಿದೆ. ಇಬ್ಬರು ಮೇಜಿನ ಮುಂದೆ ಕುಳಿತು ಹರಟುತ್ತಿದ್ದಾರೆ. ಮೇಜಿನ ಕೆಳಗೆ ಬಾಂಬು ಇದೆ. ಪ್ರೇಕ್ಷಕನಿಗೆ ತಿಳಿಸದೆ ಅದು ಸಿಡಿದರೆ ಆತ ಹದಿನೈದು ಸೆಕೆಂಡು ಬೆಚ್ಚಿಬೀಳುತ್ತಾನೆ. ಬಾಂಬನ್ನು ಮೊದಲೇ ತೋರಿಸಿ, ಎದುರಿಗೆ ಒಂದು ಗಡಿಯಾರವನ್ನೂ ಇಟ್ಟರೆ, ಅದೇ ನೀರಸ ಹರಟೆಯನ್ನು ಆತ ಹದಿನೈದು ನಿಮಿಷ ತಳಮಳದಿಂದ ಕೇಳುತ್ತಾನೆ. ಮೊದಲನೆಯದು ಬರಿಯ ಅಚ್ಚರಿ, ಎರಡನೆಯದು ಸಸ್ಪೆನ್ಸ್. ಲಕ್ಷ್ಮೀಶ ಆಯ್ದುಕೊಂಡದ್ದು ಎರಡನೆಯದನ್ನು. ದುಷ್ಟಬುದ್ಧಿ ಬರೆದದ್ದೇನೆಂದು ಆತ ನಮಗೆ ಮುಂಚೆಯೇ ಹೇಳಿಬಿಟ್ಟಿದ್ದಾನೆ.

ಪವಿತ್ರ ಗ್ರಂಥವನ್ನು ಓದುವ ನಮ್ಮ ಮನೆಗಳಲ್ಲಿ ಇಂಥದೇ ಇನ್ನೊಂದು ಪತ್ರ ನೆನಪಾಗದೆ ಇರದು. ಸಮುವೇಲನ ಎರಡನೆಯ ಗ್ರಂಥದ 11ನೆಯ ಅಧ್ಯಾಯದಲ್ಲಿ ದಾವೀದನು ಊರೀಯನ ಕೈಯಲ್ಲಿಯೇ ಊರೀಯನ ಮರಣದ ಆಜ್ಞೆಯನ್ನು ಸೇನಾಪತಿ ಯೋವಾಬನಿಗೆ ಕಳುಹಿಸುತ್ತಾನೆ. ಅಲ್ಲಿ ದಾರಿಯಲ್ಲಿ ಮಾವಿನ ಮರವಿಲ್ಲ, ಕಾಡಿಗೆ ಹಚ್ಚಿದ ಕಣ್ಣುಗಳಿಲ್ಲ. ಪತ್ರ ತಲುಪುತ್ತದೆ, ಊರೀಯ ಸಾಯುತ್ತಾನೆ. ಅಲ್ಲಿಯ ನಿರೂಪಕ ಒಂದು ನಿಟ್ಟುಸಿರಿಗೂ ಎಡೆಗೊಡದಷ್ಟು ಬಿಗಿಯಾಗಿ ಹೇಳಿ ಮುಗಿಸುತ್ತಾನೆ. ಎರಡೂ ಕಡೆ ಸಾಧನ ಒಂದೇ: ಓದುಗನಿಗೆ ಗೊತ್ತು, ಓಲೆಕಾರನಿಗೆ ಗೊತ್ತಿಲ್ಲ.

ಇಷ್ಟು ಕಥನದ ಮಾತಾಯಿತು. ಚಿತ್ರದಲ್ಲಿ ಈ ತಿಳಿವನ್ನು ಮಾತಿಲ್ಲದೆ ಕಣ್ಣಿಗೆ ಉಣಿಸಬೇಕು. ಹಿಚ್‌ಕಾಕ್ ಮೂಕಚಿತ್ರಗಳ ಕಾಲದಲ್ಲಿ ಕಸುಬು ಕಲಿತವರಾದುದರಿಂದ ಅವರಿಗೆ ಈ ವಿದ್ಯೆ ಕರಗತವಾಗಿತ್ತು. 1954ರ 'ರಿಯರ್ ವಿಂಡೋ' ಚಿತ್ರದ ಮೊದಲ ಕೆಲವು ನಿಮಿಷಗಳನ್ನು ನೋಡಿ. ಕ್ಯಾಮರಾ ಒಂದು ವಠಾರದ ಹಿತ್ತಿಲ ಕಿಟಕಿಗಳನ್ನೆಲ್ಲ ನಿಧಾನವಾಗಿ ಸುತ್ತಿ ಬಂದು, ಬೆವೆತ ಹಣೆಯ ಗಂಡಸೊಬ್ಬನ ಮೇಲೆ ಇಳಿಯುತ್ತದೆ. ಅವನ ಕಾಲಿಗೆ ಪ್ಲಾಸ್ಟರು. ಪಕ್ಕದಲ್ಲಿ ನುಚ್ಚುನೂರಾದ ಕ್ಯಾಮರಾ. ಗೋಡೆಯ ಮೇಲೆ, ಪಂದ್ಯದ ಕಾರೊಂದು ಅಪಘಾತಕ್ಕೀಡಾಗಿ ಚಕ್ರವು ನಮ್ಮತ್ತಲೇ ಹಾರಿಬರುತ್ತಿರುವ ಛಾಯಾಚಿತ್ರ. ಆಚೆ ಪತ್ರಿಕೆಗಳ ರಾಶಿ. ಈತ ಛಾಯಾಗ್ರಾಹಕ, ಅಪಾಯಕ್ಕೆ ಹೆದರದವನು, ಆ ಚಿತ್ರ ತೆಗೆಯಲು ಹೋಗಿಯೇ ಕಾಲು ಮುರಿದುಕೊಂಡವನು, ಈಗ ಕೂತಲ್ಲಿಂದ ಏಳಲಾರದೆ ಬೇಸತ್ತವನು ಎಂಬುದೆಲ್ಲ ಒಂದು ಮಾತೂ ಇಲ್ಲದೆ ನಮಗೆ ತಿಳಿಯುತ್ತದೆ. ನಮ್ಮ ಎಷ್ಟೋ ಚಿತ್ರಗಳಲ್ಲಿ ಇಷ್ಟನ್ನು ಹೇಳಲು ಇಬ್ಬರು ಗೆಳೆಯರು ಹೋಟೆಲಿನಲ್ಲಿ ಕುಳಿತು, ಪರಸ್ಪರ ಗೊತ್ತಿರುವ ವಿಷಯವನ್ನೇ ಒಬ್ಬರಿಗೊಬ್ಬರು ವಿವರಿಸಬೇಕಾಗುತ್ತದೆ!

ಆ ಚಿತ್ರದ ನಾಯಕನೂ (ಜೇಮ್ಸ್ ಸ್ಟೀವರ್ಟ್) ಒಂದು ನಿರ್ಣಾಯಕ ಹೊತ್ತಿನಲ್ಲಿ ನಿದ್ರಿಸುತ್ತಾನೆಂಬುದು ಕುತೂಹಲಕರ. ಇಡೀ ಚಿತ್ರವನ್ನು ನಾವು ಬಹುಮಟ್ಟಿಗೆ ಅವನ ಕಣ್ಣಿನಿಂದಲೇ ನೋಡುತ್ತೇವೆ. ಎದುರು ಮನೆಯ ವ್ಯಾಪಾರಿ ಹೆಂಡತಿಯನ್ನು ಕೊಂದಿರಬೇಕೆಂದು ಅವನಿಗೆ ಸಂಶಯ. ಅವನು ಕುರ್ಚಿಯಲ್ಲೇ ತೂಕಡಿಸುವಾಗ ವ್ಯಾಪಾರಿ ಕಪ್ಪುಡುಗೆಯ ಹೆಂಗಸೊಬ್ಬಳೊಡನೆ ಮನೆಯಿಂದ ಹೊರಬೀಳುತ್ತಾನೆ. ಇದನ್ನು ನೋಡಿದವರು ನಾವು ಮಾತ್ರ. ಆಕೆ ಹೆಂಡತಿಯೇ ಆಗಿದ್ದರೆ ಕೊಲೆಯೇ ನಡೆದಿಲ್ಲ! ಎಚ್ಚೆತ್ತ ನಾಯಕ ಮತ್ತೆ ತನ್ನ ಸಂಶಯವನ್ನು ಹಿಡಿದು ಹೊರಡುವಾಗ, ನಮ್ಮ ಮನಸ್ಸಿನಲ್ಲಿ ಅವನಿಗಿಲ್ಲದ ಒಂದು ಅಳುಕು ಕುಳಿತಿರುತ್ತದೆ. ಉಪವನದಲ್ಲಿ ಮಲಗಿದ ಚಂದ್ರಹಾಸನಿಗೂ ಕುರ್ಚಿಯಲ್ಲಿ ತೂಕಡಿಸಿದ ಈತನಿಗೂ ನಡುವೆ ಎಷ್ಟು ದೇಶ, ಎಷ್ಟು ಕಾಲ! ಆದರೂ ಕಥೆಗಾರರಿಬ್ಬರೂ ಪಾತ್ರವನ್ನು ಮಲಗಿಸಿ ಕೇಳುಗನನ್ನು ಎಬ್ಬಿಸಿದ್ದಾರೆ.

1946ರ 'ನಟೋರಿಯಸ್' ಚಿತ್ರದಲ್ಲಿ ಓಲೆಯ ಸ್ಥಾನದಲ್ಲಿ ಒಂದು ಬೀಗದ ಕೈ ಇದೆ. ದೊಡ್ಡ ಔತಣಕೂಟ, ಮಹಡಿಯ ಎತ್ತರದಿಂದ ಕ್ಯಾಮರಾ ಇಡೀ ಸಭಾಂಗಣವನ್ನು ತೋರಿಸಿ, ತಡೆಯಿಲ್ಲದೆ ಇಳಿದು ಇಳಿದು, ಇಂಗ್ರಿಡ್ ಬರ್ಗ್‌ಮನ್ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ ಮುಷ್ಟಿಯೊಳಗಿನ ಬೀಗದ ಕೈವರೆಗೆ ಬಂದು ನಿಲ್ಲುತ್ತದೆ. ಅದು ಆಕೆ ಗಂಡನಿಂದ ಕದ್ದ ನೆಲಮಾಳಿಗೆಯ ಬೀಗದ ಕೈ. ಆಮೇಲೆ ಹಿಚ್‌ಕಾಕ್ ಬಾಂಬಿನ ಬದಲು ಶಾಂಪೇನ್ ಬಾಟಲಿಗಳನ್ನು ಎಣಿಸುತ್ತಾರೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಾಟಲಿಗಳು ಕಡಿಮೆಯಾದಂತೆ, ಹೊಸ ಬಾಟಲಿಗಾಗಿ ಗಂಡ ನೆಲಮಾಳಿಗೆಗೆ ಹೋಗಲೇಬೇಕಾದ ಹೊತ್ತು ಹತ್ತಿರವಾಗುತ್ತದೆ. ನಗುತ್ತ ಕುಡಿಯುವ ಅತಿಥಿಗಳು ತಾವೇ ಗಡಿಯಾರದ ಮುಳ್ಳುಗಳಾಗಿದ್ದೇವೆಂದು ಅರಿಯರು.

ಕಡೂರು, ತರೀಕೆರೆ, ಇದೀಗ ತಾಲ್ಲೂಕು ಕೇಂದ್ರವೇ ಆಗಿರುವ ಅಜ್ಜಂಪುರದಂತಹ ಊರುಗಳ ಹಿರಿಯರು ಇಂತಹ ವಿದೇಶೀ ಚಿತ್ರಗಳನ್ನು ನೋಡಿರುವುದು ಅಪರೂಪವೇ ಸರಿ. ಆದರೆ ಅವರು ಡೇರೆ ಟಾಕೀಸುಗಳ ಪ್ರೇಕ್ಷಕರು. ಒಂದೇ ಪ್ರೊಜೆಕ್ಟರ್ ಇದ್ದ ಆ ಡೇರೆಗಳಲ್ಲಿ ರೀಲು ಮುಗಿದಾಗಲೆಲ್ಲ ದೀಪ ಹೊತ್ತುತ್ತಿತ್ತು. ನಾಯಕ ಬಂಡೆಯ ತುದಿಯಲ್ಲಿ ತೂಗಾಡುತ್ತಿರುವಾಗಲೇ ಸೋಡಾ, ಕಡಲೆಕಾಯಿ ಮಾರುವವರು ನಡುವೆ ಓಡಾಡುತ್ತಿದ್ದರು. ಪತ್ತೇದಾರಿ ಕಥೆಯಾದರೆ ಆ ಬಿಡುವಿನಲ್ಲಿ ಕೊಲೆಗಾರ ಯಾರೆಂಬ ವಾದ. ನಾಯಕನಿಗೆ ಗೊತ್ತಿಲ್ಲದ ಅಪಾಯ ನೋಡುವವರಿಗೆ ಗೊತ್ತಿದ್ದರೆ ಹೆಂಗಸರ ಸಾಲಿನಿಂದ ಬರಿಯ ನಿಟ್ಟುಸಿರು. ಎರಡು ಬಗೆಯ ಕಥನಗಳ ಅಂತರವನ್ನು ತಿಳಿಯಲು ಆ ಬಿಡುವೇ ಸಾಕಿತ್ತು.

ಕನ್ನಡದ ಸಸ್ಪೆನ್ಸ್ ಚಿತ್ರಗಳು ಹೆಚ್ಚಾಗಿ ಮೊದಲನೆಯ ದಾರಿಯನ್ನೇ ಹಿಡಿದವು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಸ್ಸು ರೈಲುಗಳಲ್ಲಿ ಓದಿ ಬೆಳೆದ ಸಮಾಜಕ್ಕೆ ಅದು ಸಹಜವೂ ಹೌದು. 1978ರಲ್ಲಿ ಕಾಶೀನಾಥರ 'ಅಪರಿಚಿತ' ಬಂದಿತು. 1989ರಲ್ಲಿ ಸುನಿಲ್ ಕುಮಾರ್ ದೇಸಾಯಿಯವರ 'ತರ್ಕ'. ಅಗಾಥಾ ಕ್ರಿಸ್ಟಿಯ 1958ರ ನಾಟಕವೊಂದರ ಪ್ರೇರಣೆಯಿಂದ ಮೂಡಿದ 'ತರ್ಕ'ದಲ್ಲಿ ಹಾಡುಗಳೇ ಇಲ್ಲ. ಶಂಕರ್ ನಾಗ್, ದೇವರಾಜ್, ವನಿತಾ ವಾಸು ಅಭಿನಯಿಸಿದ ಆ ಚಿತ್ರದ ಸಂಯಮ ಇಂದಿಗೂ ಮಾದರಿ. ಮನೆಯೊಂದರ ಗೋಡೆಗಳು, ನೆರಳು, ಹೆಜ್ಜೆಯ ಸದ್ದು ಇವುಗಳಿಂದಲೇ ನಿರ್ದೇಶಕರು ಭಯವನ್ನು ಕಟ್ಟಿದ್ದಾರೆ. ಚೊಚ್ಚಲ ಚಿತ್ರದಲ್ಲೇ ಇಷ್ಟು ಧೈರ್ಯ ತೋರಿದವರನ್ನು ಮೆಚ್ಚಲೇಬೇಕು. ಆದರೆ ಗುಟ್ಟು ತಿಳಿದ ಮೇಲೆ ಎರಡನೆಯ ಬಾರಿ ನೋಡುವಾಗ ನಾವು ಗಡಿಯಾರದ ಹಿಂಬದಿಯನ್ನು ತೆರೆದು ಚಕ್ರಗಳ ಜೋಡಣೆಯನ್ನು ಹೊಗಳುವವರಾಗುತ್ತೇವೆ, ಎದೆ ಬಡಿದುಕೊಳ್ಳುವುದಿಲ್ಲ. ಮೊಬೈಲಿನಲ್ಲಿ ಕೊಲೆಗಾರನ ಹೆಸರು ಚಿತ್ರಕ್ಕಿಂತ ಮೊದಲೇ ಮನೆ ತಲುಪುವ ಈ ಕಾಲದಲ್ಲಿ ಆ ಬಗೆಯ ಚಿತ್ರದ ಆಯುಷ್ಯ ಇನ್ನಷ್ಟು ಕಿರಿದಾಗಿದೆ.

ಈ ದೃಷ್ಟಿಯಿಂದ ನನಗೆ ಮಿಗಿಲಾಗಿ ಕಾಣುವುದು 1985ರಲ್ಲಿ ತೆರೆಗೆ ಬಂದ ಶಂಕರ್ ನಾಗ್ ನಿರ್ದೇಶನದ 'ಆಕ್ಸಿಡೆಂಟ್'. ಮತ್ತಿನಲ್ಲಿ ಕಾರು ಓಡಿಸುವ ಸಿರಿವಂತ ಯುವಕ ರಸ್ತೆಬದಿಯಲ್ಲಿ ಮಲಗಿದ್ದ ಬಡವರ ಮೇಲೆ ಕಾರು ಹರಿಸುತ್ತಾನೆ. ಅವನ ತಂದೆ ರಾಜಕಾರಣಿ. ಆ ಪಾತ್ರದಲ್ಲಿ ಅನಂತ್ ನಾಗ್. ಸತ್ಯವನ್ನು ಬೆನ್ನಟ್ಟುವ ಪತ್ರಕರ್ತನಾಗಿ ಶಂಕರ್ ನಾಗ್ ಅವರೇ ನಟಿಸಿದ್ದಾರೆ. ಮಾಡಿದವರಾರೆಂಬುದನ್ನು ಚಿತ್ರ ನಮ್ಮಿಂದ ಮುಚ್ಚಿಡುವುದಿಲ್ಲ. ಆದುದರಿಂದ ಪ್ರತಿ ದೂರವಾಣಿ ಕರೆ, ಪ್ರತಿ ಸಾಕ್ಷಿಯ ಮೌನ ನಮ್ಮನ್ನು ಚುಚ್ಚುತ್ತದೆ. ಗೊತ್ತಿದ್ದೂ ಹೇಳಲಾಗದ ಸಂಕಟವನ್ನು ಚಿತ್ರಮಂದಿರದ ಪ್ರತಿಯೊಬ್ಬನಿಗೂ ಅದು ಹಂಚಿಬಿಡುತ್ತದೆ. ಸಾಮಾಜಿಕ ಸಮಸ್ಯೆ ಕುರಿತ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಸಂದಿತು. ಸಸ್ಪೆನ್ಸಿನ ವ್ಯಾಕರಣವನ್ನು ಅರಿತ ಚಿತ್ರವೆಂದು ಅದನ್ನು ಹೊಗಳಿದವರು ಕಡಿಮೆ.

ದೇಸಾಯಿಯವರದೇ 1995ರ 'ಬೆಳದಿಂಗಳ ಬಾಲೆ' ಇವೆರಡಕ್ಕೂ ಸೇರದ ವಿಚಿತ್ರ ಕೃತಿ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ ಅನಂತ್ ನಾಗ್ ಚದುರಂಗದ ಗ್ರ್ಯಾಂಡ್‌ಮಾಸ್ಟರ್. ದೂರವಾಣಿಯಲ್ಲಿ ಒಂದು ಹೆಣ್ಣುದನಿ, ತನ್ನನ್ನು ಹುಡುಕೆಂಬ ಸವಾಲು. ಕಣ್ಣಿಗೆ ಕಾಣಿಸುವುದೇ ಕಸುಬಾದ ಮಾಧ್ಯಮದಲ್ಲಿ ನಾಯಕಿಯ ಮುಖವನ್ನು ತಡೆಹಿಡಿದು ದನಿಯಿಂದಲೇ ಆಕೆಯನ್ನು ನಿಲ್ಲಿಸಿದ್ದು ಸಾಹಸ. ಇಲ್ಲಿ ಕೊಲೆಯಿಲ್ಲ, ಖಳನಿಲ್ಲ, ಸಮಯವೊಂದೇ ಶತ್ರು.

ಸಸ್ಪೆನ್ಸ್ ಚಿತ್ರಗಳನ್ನು ಮಕ್ಕಳೊಡನೆ ಕುಳಿತು ನೋಡುವ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದುಂಟು: ಇವುಗಳಿಂದ ಮನಸ್ಸು ಕೆಡುವುದಿಲ್ಲವೇ? ರಕ್ತ, ಚಾಕುಗಳ ಬಗ್ಗೆ ನಾವು ಎಚ್ಚರ ವಹಿಸುತ್ತೇವೆ, ಸರಿ. ಅದಕ್ಕಿಂತ ಸೂಕ್ಷ್ಮವಾದ ಅಪಾಯ ಬೇರೊಂದಿದೆ. 1951ರ 'ಸ್ಟ್ರೇಂಜರ್ಸ್ ಆನ್ ಎ ಟ್ರೇನ್' ಚಿತ್ರದಲ್ಲಿ ನಾಯಕನನ್ನು ಕೊಲೆಯ ಆರೋಪಕ್ಕೆ ಸಿಲುಕಿಸಲು ಖಳ ಅವನ ಸಿಗರೇಟು ಲೈಟರನ್ನು ಒಯ್ಯುತ್ತಿದ್ದಾನೆ. ದಾರಿಯಲ್ಲಿ ಅದು ಕೈಜಾರಿ ಚರಂಡಿಯ ಜಾಲರಿಯೊಳಗೆ ಬೀಳುತ್ತದೆ. ಅವನು ತೋಳು ಇಳಿಬಿಟ್ಟು ಬೆರಳು ಚಾಚುತ್ತಾನೆ. ಅತ್ತ ನಾಯಕ ಟೆನ್ನಿಸ್ ಪಂದ್ಯವನ್ನು ಬೇಗ ಮುಗಿಸಲು ಹೆಣಗುತ್ತಿದ್ದಾನೆ. ದೃಶ್ಯ ಅತ್ತಿಂದಿತ್ತ ಜಿಗಿಯುತ್ತ ಹೋದಂತೆ ನಮಗರಿವಿಲ್ಲದೆ ನಮ್ಮ ಬೆರಳುಗಳೂ ಆ ಖಳನ ಬೆರಳುಗಳೊಡನೆ ಚಾಚಿಕೊಳ್ಳುತ್ತವೆ. ಸಿಕ್ಕಿತೇ, ಸಿಕ್ಕಿತೇ ಎನ್ನುತ್ತೇವೆ. ಯಾರಿಗೆ? 1960ರ 'ಸೈಕೋ'ದಲ್ಲಿಯೂ, ಹೆಣವಿದ್ದ ಕಾರು ಕೆಸರಿನಲ್ಲಿ ಅರ್ಧ ಮುಳುಗಿ ಒಂದು ಕ್ಷಣ ನಿಂತಾಗ, ಅದು ಪೂರ್ತಿ ಮುಳುಗಲೆಂದು ಹಾರೈಸದ ಪ್ರೇಕ್ಷಕ ವಿರಳ. ಈ ದೃಶ್ಯಗಳ ಮುಂದೆ ನಮ್ಮ ಸಜ್ಜನಿಕೆ ಎಷ್ಟು ತೆಳುವೆಂದು ನಮಗೇ ತಿಳಿಯುತ್ತದೆ. ಇದನ್ನು ಕೆಡುಕೆನ್ನಬೇಕೋ ಆತ್ಮಶೋಧನೆಯೆನ್ನಬೇಕೋ? ಮಕ್ಕಳೊಡನೆ ನೋಡಿ, ಆ ಹೊತ್ತಿನಲ್ಲಿ ನೀನು ಯಾರ ಕಡೆಗಿದ್ದೆಯೆಂದು ಕೇಳುವ ತಂದೆತಾಯಿಯರಿರುವ ಮನೆಯಲ್ಲಿ ಎರಡನೆಯದೇ ಆದೀತೆಂದು ನನ್ನ ನಂಬಿಕೆ.

ಲಕ್ಷ್ಮೀಶನೂ ನಮ್ಮನ್ನು ಇಂಥ ಇಕ್ಕಟ್ಟಿಗೆ ತಳ್ಳಿದ್ದಾನೆ. ಮದುವೆಯಾಗಿ ಅಳಿಯನಾದ ಚಂದ್ರಹಾಸನನ್ನು ಕೊಲ್ಲಿಸಲು ದುಷ್ಟಬುದ್ಧಿ ಊರ ಹೊರಗಿನ ಚಂಡಿಕೆಯ ಗುಡಿಯಲ್ಲಿ ಕೊಲೆಗಾರರನ್ನು ಅಡಗಿಸಿಟ್ಟು, ಪೂಜೆಗೆ ಹೋಗೆಂದು ಅವನನ್ನು ಕಳುಹಿಸುತ್ತಾನೆ. ದಾರಿಯಲ್ಲಿ ಮದನ ಎದುರಾಗುತ್ತಾನೆ. ಅರಸನು ಚಂದ್ರಹಾಸನನ್ನು ಕರೆದಿದ್ದಾನೆ. ನೀನು ಅರಮನೆಗೆ ಹೋಗು, ಪೂಜೆಯನ್ನು ನಾನು ಸಲ್ಲಿಸುತ್ತೇನೆಂದು ಮದನ ಪೂಜಾದ್ರವ್ಯವನ್ನು ತಾನೇ ತೆಗೆದುಕೊಳ್ಳುತ್ತಾನೆ. ಚಂದ್ರಹಾಸ ಉಳಿದನೆಂದು ನಾವು ಹಿಗ್ಗಬೇಕು. ಆದರೆ ಕತ್ತಲಲ್ಲಿ ಗುಡಿಯತ್ತ ನಡೆಯುವ ಈ ನಿರಪರಾಧಿಯನ್ನು ನೋಡುತ್ತ ಹಿಗ್ಗುವುದಾದರೂ ಹೇಗೆ? ತಂದೆ ತೋಡಿದ ಗುಂಡಿಗೆ ಮಗ ಬೀಳುತ್ತಿದ್ದಾನೆ. ಕೊನೆಗೆ ದೇವಿಯ ಕೃಪೆಯಿಂದ ತಂದೆಮಕ್ಕಳಿಬ್ಬರೂ ಬದುಕಿಬರುತ್ತಾರೆ. ಆದರೆ ಮದನ ನಡೆದ ಆ ದಾರಿ ಕೇಳಿದವರ ಮನಸ್ಸಿನಿಂದ ಅಳಿಯುವುದಿಲ್ಲ.

ಕೊನೆಯದಾಗಿ, ನಮ್ಮ ಓದುಗರಿಗೆ ಬಹು ಹತ್ತಿರವಾಗಬೇಕಾದ, ಆದರೆ ವಿಮರ್ಶಕರು ಬದಿಗಿಟ್ಟಿರುವ ಒಂದು ಚಿತ್ರದ ಮಾತು. 1953ರ 'ಐ ಕನ್ಫೆಸ್'. ಕೆನಡಾದ ಕ್ವಿಬೆಕ್ ನಗರದ ರಾತ್ರಿ. ಬೀದಿಯ ದಿಕ್ಕುಫಲಕಗಳ ಬಾಣದ ಗುರುತುಗಳು ಒಂದರ ನಂತರ ಒಂದು ಕಾಣಿಸಿಕೊಂಡು, ತೆರೆದ ಕಿಟಕಿಯೊಂದರತ್ತ ನಮ್ಮನ್ನು ಒಯ್ಯುತ್ತವೆ; ಒಳಗೆ ಹೆಣ. ಗುರುಗಳ ನಿಲುವಂಗಿ ತೊಟ್ಟವನೊಬ್ಬ ಬೀದಿಯಲ್ಲಿ ನಡೆದುಹೋಗುತ್ತಾನೆ. ಕೊಂದವನು ಗುರುಮನೆಯ ಕೆಲಸದಾಳು ಕೆಲ್ಲರ್. ಅದೇ ರಾತ್ರಿ ಆತ ಫಾದರ್ ಲೋಗನ್ ಅವರ ಬಳಿ ಪಾಪನಿವೇದನೆ ಮಾಡುತ್ತಾನೆ. ಸತ್ತ ವಕೀಲ ಲೋಗನ್‌ರ ಪೂರ್ವಾಶ್ರಮದ ಗೆಳತಿಯನ್ನು ಬೆದರಿಸಿ ಹಣ ಕೇಳುತ್ತಿದ್ದವನು. ಆದುದರಿಂದ ಪೊಲೀಸರ ಸಂಶಯವೆಲ್ಲ ಗುರುಗಳ ಮೇಲೆಯೇ ಬೀಳುತ್ತದೆ. ಕೊಲೆಗಾರನ ಹೆಸರು ಅವರಿಗೆ ಗೊತ್ತು, ಹೇಳುವಂತಿಲ್ಲ.

ಲೋಗನ್ ಪಾತ್ರದ ಮಾಂಟ್‌ಗೊಮರಿ ಕ್ಲಿಫ್ಟ್ ಅವರಿಗೆ ಮಾತು ಬಹಳ ಕಡಿಮೆ. ಬಂಧನದ ಮುನ್ನ ಅವರು ನಗರವನ್ನೆಲ್ಲ ಸುತ್ತುವಾಗ ಒಂದು ದೃಶ್ಯವಿದೆ: ಎತ್ತರದಲ್ಲಿ ಶಿಲುಬೆ ಹೊತ್ತ ಕ್ರಿಸ್ತರ ಶಿಲ್ಪ ಕಪ್ಪಾಗಿ ಎದ್ದು ಕಾಣುತ್ತದೆ; ಅದರ ಆಚೆ, ಬಹು ಕೆಳಗೆ, ಚುಕ್ಕೆಯಷ್ಟಾಗಿ ಗುರುಗಳು ನಡೆಯುತ್ತಾರೆ. ಒಂದೂ ಮಾತಿಲ್ಲ.

ಈ ಚಿತ್ರವನ್ನು ಮಾಡಬಾರದಿತ್ತೆಂದು ಹಿಚ್‌ಕಾಕ್ ಮುಂದೆ ತ್ರೂಫೊಗೆ ಹೇಳಿದ್ದಾರೆ. ಪಾಪನಿವೇದನೆಯ ಗುಟ್ಟನ್ನು ಗುರುವು ಪ್ರಾಣ ಹೋದರೂ ಬಿಡುವಂತಿಲ್ಲವೆಂಬುದು ಕಥೋಲಿಕರಿಗೆ ಸಹಜ. ಉಳಿದ ಪ್ರೇಕ್ಷಕರಿಗೆ ಅದು ನಂಬಲಾಗದ ಮೊಂಡುತನವಾಗಿ ಕಂಡಿತೆಂಬುದು ಅವರ ವಾದದ ಸಾರ. ಕಟ್ಟು ತಿಳಿಯದವನಿಗೆ ಸಂಕಟವೂ ತಿಳಿಯದೆಂಬುದನ್ನು ಒಪ್ಪೋಣ. ಆದರೆ ಚಿತ್ರವನ್ನೇ ಮಾಡಬಾರದಿತ್ತೆನ್ನುವುದನ್ನು ನಾನು ಒಪ್ಪಲಾರೆ. ಹುಲಿಗೆ ಕೊಟ್ಟ ಮಾತಿಗಾಗಿ ಕರುವನ್ನು ಬಿಟ್ಟು ಮರಳಿ ನಡೆದ ಪುಣ್ಯಕೋಟಿಯ ಕಥೆಯನ್ನು ಎಳವೆಯಲ್ಲೇ ಕೇಳಿದ ಕನ್ನಡಿಗನಿಗೆ, ಆತ ಯಾವ ಧರ್ಮದವನೇ ಆಗಿರಲಿ, ಲೋಗನ್‌ರ ಮೌನ ಮೊಂಡುತನವಾಗಿ ಕಾಣಲಾರದು. ನ್ಯೂಯಾರ್ಕಿನವರಿಗೆ ಅರ್ಥವಾಗದ್ದು ಕಡೂರಿನ ಸಂತೆಯಲ್ಲಿ ಯಾರಿಗಾದರೂ ಅರ್ಥವಾದೀತು. ಚಿತ್ರದ ನಿಜವಾದ ಕೊರತೆ ಬೇರೆ ಕಡೆ ಇದೆ. ನಡುವೆ ಬರುವ ಹಳೆಯ ಪ್ರೇಮದ ನೆನಪಿನ ಭಾಗ ಅತಿ ದೀರ್ಘವಾಗಿ, ಕಟ್ಟಿದ ಬಿಗಿಯನ್ನೆಲ್ಲ ಸಡಿಲಿಸುತ್ತದೆ.

ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಲೋಗನ್‌ರನ್ನು ಬಿಡುತ್ತದೆ. ಹೊರಗಿನ ಜನಸ್ತೋಮ ಬಿಡುವುದಿಲ್ಲ. ಆ ನೂಕುನುಗ್ಗಲನ್ನು ನೋಡಲಾರದೆ ಕೆಲ್ಲರನ ಹೆಂಡತಿ ಆಲ್ಮಾ ಗುರುಗಳತ್ತ ಓಡುತ್ತಾಳೆ. ಗಂಡನ ಗುಂಡು ಆಕೆಯನ್ನು ಕೆಡವುತ್ತದೆ. ಅಲ್ಲಿಂದ ಓಡಿದ ಕೆಲ್ಲರ್ ದೊಡ್ಡ ಹೋಟೆಲೊಂದರ ಸಭಾಂಗಣದಲ್ಲಿ ಸಿಕ್ಕಿಬೀಳುತ್ತಾನೆ. ಎದುರಿಗೆ ನಿಂತ ಲೋಗನ್ ಇಷ್ಟು ಹೊತ್ತಿಗೆ ತನ್ನ ಗುಟ್ಟನ್ನು ಹೇಳಿಬಿಟ್ಟಿರುವರೆಂದೇ ಅವನ ಎಣಿಕೆ. ಆ ಕೋಪದಲ್ಲಿ ಅವನು ಅವರನ್ನು ಹೇಡಿಯೆಂದು ಹಳಿಯುತ್ತ, ಕೊಲೆಯ ಸಂಗತಿಯನ್ನೆಲ್ಲ ತಾನೇ ಗಟ್ಟಿಯಾಗಿ ಆಡಿಬಿಡುತ್ತಾನೆ. ಬಾಗಿಲಲ್ಲಿ ನಿಂತ ಪೊಲೀಸರಿಗೆ ಸತ್ಯ ತಿಳಿಯುವುದು ಹೀಗೆ. ಗುಂಡೇಟು ತಿಂದು ಬಿದ್ದ ಅವನು ಕ್ಷಮೆ ಬೇಡುತ್ತಾನೆ; ಲೋಗನ್ ಮಂಡಿಯೂರಿ ಅವನನ್ನು ತೋಳಿನಲ್ಲಿ ಹಿಡಿದು, ಪಾಪವಿಮೋಚನೆಯ ಪ್ರಾರ್ಥನೆಯನ್ನು ಮೆಲುದನಿಯಲ್ಲಿ ಹೇಳತೊಡಗುತ್ತಾರೆ.